ಮೈನಾಳಿಗಾಗಿ ಅತ್ತವರು

ಶಾಂತಾ ಹುಬ್ಳೀಕರ್ ಎಂಬ ನಟಿಯ ಬದುಕನ್ನು ಹೇಳಲು ಹೊರಟವರು ಸಾಮಾನ್ಯವಾಗಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. 1939ರಲ್ಲಿ ಬಂದ ವಿ. ಶಾಂತಾರಾಮರ ಮರಾಠಿ ಚಿತ್ರ ‘ಮಾಣೂಸ್’ನಲ್ಲಿ ಅವರು ಹಾಡಿದ ಹಾಡು, ನಾಳೆಯ ಮಾತು ಇವತ್ತೇಕೆ ಎನ್ನುವಂಥದ್ದು. ಮುಪ್ಪಿನಲ್ಲಿ ಅವರು ಇದ್ದದ್ದು ಮುಂಬೈ ಹತ್ತಿರದ ವಸಯಿಯ ಆಶ್ರಮವೊಂದರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೀತಿಪಾಠ ತಾನಾಗಿ ಸಿದ್ಧ: ನಾಳೆಯನ್ನು ನೆನೆಯದವಳ ಗತಿ ಏನಾಯಿತು ನೋಡಿ.

ಈ ನೀತಿ ಸುಳ್ಳು, ಕ್ರೂರವೂ ಹೌದು. ಹಾಡು ಬರೆದವರು ಅನಂತ ಕಾಣೇಕರ್. ರಾಗ ಕೂಡಿಸಿದವರು ಮಾಸ್ಟರ್ ಕೃಷ್ಣರಾವ್. ಅದನ್ನು ಕಥೆಯಲ್ಲಿ ತಂದಿಟ್ಟವರು ಶಾಂತಾರಾಮ್. ಈ ಮೂವರ ಮುಪ್ಪನ್ನು ಯಾರೂ ಆ ಹಾಡಿನಿಂದ ಅಳೆಯಲಿಲ್ಲ. ಕೊಟ್ಟ ಪಾತ್ರವನ್ನು ಚೆನ್ನಾಗಿ ಆಡಿದ ಹೆಂಗಸಿನ ತಲೆಗೇ ಪಾತ್ರದ ಮಾತು ಕಟ್ಟಿದರು. 1990ರಲ್ಲಿ ಬಂದ ತಮ್ಮ ಆತ್ಮಕಥೆಗೆ ಅವರೇ ಆ ಹಾಡಿನ ಹೆಸರು ಇಟ್ಟುಕೊಂಡರು, ನಿಜ. ಹಾಗೆ ಇಟ್ಟುಕೊಳ್ಳುವ ಹಕ್ಕು ಅವರದಾಗಿತ್ತು.

ಅವರು ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿ ತಾಲ್ಲೂಕಿನ ಅದರಗುಂಚಿಯಲ್ಲಿ. ಮೊದಲ ಹೆಸರು ರಾಜಮ್ಮ.   ಅದರಗುಂಚಿ ಎಂದೊಡನೆ ನಮಗೆ ನೆನಪಾಗುವುದು 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೂತ ಶಂಕರಗೌಡರು. ರಾಜಮ್ಮನ ನೆನಪು ಬರುವುದಿಲ್ಲ.

ರಾಜಮ್ಮನಿಗಿಂತ ಒಂದು ವರ್ಷ ಹಿರಿಯರು ಗಾಯಕಿ ಗಂಗೂಬಾಯಿ ಹಾನಗಲ್. ಹಾನಗಲ್ಲು ಒಬ್ಬರ ಹೆಸರಿಗೆ ಸೇರಿಕೊಂಡಿತು, ಹುಬ್ಬಳ್ಳಿ ಇನ್ನೊಬ್ಬರ ಹೆಸರಿಗೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಡುಗಿ ಗಂಗೂಬಾಯಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದರು. ಆದರೆ ಆ ಮಗುವಿನ ಮನಸ್ಸಿನಲ್ಲಿ ಅಳುಕಿದ್ದದ್ದು ಹಾಡಿನ ಬಗ್ಗೆ ಅಲ್ಲ. ತನ್ನ ಜಾತಿಯ ಕಾರಣಕ್ಕೆ ಊಟದ ಹೊತ್ತಿಗೆ ಬೇರೆ ಕೂರಿಸುತ್ತಾರೋ, ಎಂಜಲೆಲೆ ಎತ್ತಿಸುತ್ತಾರೋ ಎಂದು. ದನಿಗೆ ಮಣೆ ಹಾಕಿದವರು ದನಿಯ ಒಡತಿಗೂ ಹಾಕುತ್ತಾರೆಂಬ ಭರವಸೆ ಹನ್ನೊಂದು ವರ್ಷದ ಕೂಸಿಗೇ ಇರಲಿಲ್ಲ. ಮುಂದೆ ಗಂಗೂಬಾಯಿಯವರಿಗೆ ಸಂಗೀತವೇ ಆ ಮಣೆಯನ್ನು ತಂದುಕೊಟ್ಟಿತು. ಬಣ್ಣ ಹಚ್ಚಿದವರಿಗೆ ಅಷ್ಟು ಸುಲಭವಾಗಿ ಅದು ಸಿಗಲಿಲ್ಲ.

ರಾಜಮ್ಮ ಕನ್ನಡ ರಂಗಭೂಮಿಯಿಂದ ಕೊಲ್ಹಾಪುರದ ಸಿನಿಮಾಕ್ಕೆ, ಅಲ್ಲಿಂದ ಪುಣೆಯ ಪ್ರಭಾತ್ ಕಂಪನಿಗೆ ಹೋದರು. 1938ರಲ್ಲಿ ‘ಮಾಝಾ ಮುಲಗಾ’, ಮರುವರ್ಷ ‘ಮಾಣೂಸ್’ ಮತ್ತು ಅದರ ಹಿಂದಿ ರೂಪ ‘ಆದ್ಮಿ’. ‘ದೇವದಾಸ್’ ಚಿತ್ರದ ಹತಾಶೆಗೆ ಉತ್ತರವಾಗಿ ಶಾಂತಾರಾಮ್ ಮಾಡಿದ್ದು ಈ ‘ಮಾಣೂಸ್’. ಶಾಹು ಮೋಡಕ್ ಆಡಿದ ಗಣಪತ್ ಪ್ರಾಮಾಣಿಕ ಪೊಲೀಸ್ ಪೇದೆ. ವೇಶ್ಯಾಗೃಹದ ಮೇಲಿನ ದಾಳಿಯಲ್ಲಿ ಸಿಕ್ಕ ಮೈನಾಳನ್ನು ಉಳಿಸುತ್ತಾನೆ, ಮೆಚ್ಚುತ್ತಾನೆ, ಮದುವೆಯಾಗಲು ಸಿದ್ಧನಾಗುತ್ತಾನೆ. ಮೈನಾ ಗಿರಾಕಿಗಳ ಎದುರು ಒಂದೊಂದು ನುಡಿಯನ್ನು ಒಂದೊಂದು ಭಾಷೆಯಲ್ಲಿ ಹಾಡುತ್ತಾಳೆ. ಯಾವ ಸೀಮೆಯವನು ಬಂದರೂ ಅವನದೇ ಮಾತಿನಲ್ಲಿ ನಗಿಸಬೇಕಾದದ್ದು ಅವಳ ಕಸುಬು. ಆ ಮೈನಾಳನ್ನು ಗಣಪತ್ ತಾಯಿಯ ಬಳಿ ಕರೆದೊಯ್ಯುತ್ತಾನೆ. ದೈವಭಕ್ತೆಯಾದ ಆ ಮುದುಕಿಯ ಮನೆಯಲ್ಲಿ ಮೈನಾಳಿಗೆ ನಿಲ್ಲಲಾಗುವುದಿಲ್ಲ. ಯಾರೂ ಹೊರಗೆ ಹೋಗು ಅಂದಿಲ್ಲ. ತಾನೇ ತನಗೆ ಅನರ್ಹಳೆಂದು ತೀರ್ಪು ಕೊಟ್ಟುಕೊಂಡು ಹಿಂದೆ ಸರಿಯುತ್ತಾಳೆ. ಸುತ್ತಲಿನವರು ವರ್ಷಗಟ್ಟಲೆ ಕಣ್ಣಿನಲ್ಲೇ ಹೇಳುತ್ತ ಬಂದದ್ದು ಕೊನೆಗೆ ಅವಳ ಎದೆಯೊಳಗಿನ ಮಾತೇ ಆಗಿಬಿಟ್ಟಿರುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ, ಮುಂದೆ ಮೈನಾಳ ಕೈಯಿಂದಲೇ ಕೊಲೆ ನಡೆದರೂ.

ಜನ ಮೈನಾಳಿಗಾಗಿ ಅತ್ತರು. ಅತ್ತ ಮೇಲೆ ಟಾಕೀಸಿನಿಂದ ಮನೆಗೆ ಹೋಗಿ, ನಟಿಯೊಬ್ಬಳು ಸೊಸೆಯಾಗಿ ಬರುವಳೆಂದರೆ ಬಾಗಿಲು ಹಾಕಿಕೊಂಡರು. ಪಾತ್ರಕ್ಕೆ ಸುರಿಸಿದ ಕಣ್ಣೀರಿನಿಂದ ಪಾತ್ರಧಾರಿಯ ಋಣ ತೀರುವುದಿಲ್ಲ ಎಂದು ಆ ಕಾಲಕ್ಕೆ ಹೇಳಿದವರು ಕಡಿಮೆ.

1942ರ ‘ಜೀವನ ನಾಟಕ’ಕ್ಕಾಗಿ ಶಾಂತಾ ಕನ್ನಡಕ್ಕೂ ಬಂದರು. ಗುಬ್ಬಿ ವೀರಣ್ಣನವರ ಬಳಗದ ಚಿತ್ರ, ಅನಕೃ ಸಂಭಾಷಣೆ, ಕೆಂಪರಾಜ ಅರಸ್ ಜೊತೆಗಾರ. ಬಳಿಕ ಅವಕಾಶಗಳು ತೆಳುವಾದವು, ಹೆಸರು ಮರೆಯಾಯಿತು. ವಸಯಿಯ ಆಶ್ರಮದಲ್ಲಿ ಇದ್ದಾರೆಂದು ತಿಳಿದಾಗ ಅಭಿಮಾನಿಗಳು ಬೆರಗಾದರು. ಸತ್ಕಾರಗಳಾದವು, ಪುಸ್ತಕ ಬಂತು. 1992ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ಇದು ಹಳೆಯ ಕಥೆ ಎಂದು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆಗೆ ಊರ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ. ಸ್ತ್ರೀಪಾತ್ರಕ್ಕೆ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ತಂಗಿಯ ಪಾತ್ರದಲ್ಲಿ ಅವರು ಅತ್ತಾಗ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತುತ್ತಾರೆ. ನಡುವೆ ಯಾರೋ ರಂಗದ ಮೇಲೇರಿ ಆಹೇರಿ (ಮೆಚ್ಚಿನ ಕಾಣಿಕೆ) ಎಂದು ನೋಟನ್ನು ಅವರ ಸೀರೆಗೆ ಪಿನ್ನು ಚುಚ್ಚಿ ಹಾಕುತ್ತಾರೆ, ಕೊಟ್ಟವರ ಹೆಸರು ಮೈಕಿನಲ್ಲಿ ಮೊಳಗುತ್ತದೆ. ಕಲಾವಿದೆ ಕೈ ಮುಗಿದು ನಕ್ಕು, ಬಿಟ್ಟ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಬೆಳಗಿನ ಜಾವ ನಾಟಕ ಮುಗಿದ ಮೇಲೆ ಮೊದಲ ಬಸ್ಸು ಬರುವ ತನಕ ಒಂದು ಗಳಿಗೆ ಮಲಗಲು ಯಾರ ಪಡಸಾಲೆ ತೆರೆಯುತ್ತದೆ ಎಂಬುದರಲ್ಲಿ ಊರಿನ ನಿಜವಾದ ಗುಣ ಕಾಣುತ್ತದೆ.

ಕಲಾವಿದರಿಗೆ ಸರ್ಕಾರದ ಮಾಸಾಶನ ಈಗ ಇದೆ. ಅರ್ಜಿಗೆ ಕಲಾಸೇವೆಯ ದಾಖಲೆ ಬೇಕು; ಇವರ ಬಳಿ ಇರಬಹುದಾದ ದಾಖಲೆ ನಾಟಕದ ಹ್ಯಾಂಡ್‌ಬಿಲ್ಲು. ಹ್ಯಾಂಡ್‌ಬಿಲ್ಲಿನಲ್ಲಿ ಊರ ಗಣ್ಯರ ಭಾವಚಿತ್ರಗಳು ತುಂಬಿ, ಕಲಾವಿದೆಯ ಹೆಸರು ಮೂಲೆಗೆ ಬಿದ್ದರೆ ಅಥವಾ ಬಿಟ್ಟೇ ಹೋದರೆ ಮೂವತ್ತು ವರ್ಷ ಬಣ್ಣ ಹಚ್ಚಿದವರು ತೋರಿಸುವುದಾದರೂ ಏನನ್ನು? ಜಾತ್ರಾ ಕಮಿಟಿಯವರು ಅವರ ಪೂರ್ತಿ ಹೆಸರು, ಊರು ಅಚ್ಚು ಹಾಕಿಸಿ, ನಾಟಕದ ಮರುದಿನ ಸಹಿ ಮಾಡಿದ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು ಕಳಿಸಲಿ. ಬಸ್ಸಿನ ಚಾರ್ಜನ್ನೂ ಆಗಲೇ ಕೊಡಲಿ.