ಕೀಲಿ ಗೊಂಚಲು

ಪಾಟೀಲ ಪುಟ್ಟಪ್ಪನವರು 2020ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. ‘ಪ್ರಪಂಚ’ದ ಸಂಪಾದಕರು, 1962ರಿಂದ 1974ರವರೆಗೆ ರಾಜ್ಯಸಭೆಯ ಸದಸ್ಯರು, ಕನ್ನಡ ಕಾವಲು ಸಮಿತಿಯ ಅಧ್ಯಕ್ಷರು. ಕನ್ನಡದ ವಿಷಯ ಬಂದರೆ ಯಾರ ಮುಲಾಜೂ ಇಲ್ಲ, ಮಾತು ಬಲು ಖಾರ. ಆದರೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಧ್ಯಕ್ಷಗಿರಿಯನ್ನು ಐವತ್ತು ವರ್ಷ ಮೀರಿದರೂ ಬಿಡಲಿಲ್ಲವಲ್ಲ, ಅದು ಸೇವೆಯೋ, ಹಟವೋ?

‘ಆರಿಸಿ ಬಂದೇ ಕೂತಿದ್ದರಲ್ಲ’ ಎಂದರು ನಮ್ಮವರು.

ಗೆಲ್ಲುವುದು ಬೇರೆ, ಇನ್ನೊಬ್ಬರಿಗೆ ಜಾಗ ಬಿಡುವುದು ಬೇರೆ ಎಂದೆ ನಾನು. ಎದ್ದಾಗ ಸೊಂಟದ ಕೀಲಿ ಗೊಂಚಲು ಸದ್ದು ಮಾಡಿತು. ಸೊಸೆ ಈ ಮನೆಗೆ ಬಂದು ಆಗಲೇ ಹನ್ನೆರಡು ವರ್ಷ.

‘ನೀ ಕೇಳಿದ್ರ ಕೊಡತಿದ್ದೆ’ ಎಂದೆ.

‘ಕೇಳೂ ಹಂಗ ಇತ್ತೇನ್ರಿ, ಅತ್ತಿ?’ ಎಂದಳು.