ಒಂದೇ ಟ್ರಿಪ್‌ನಲ್ಲಿ ಆಗಿಬಿಡಲಿ

ಬೆಂಗಳೂರಿನ ಹೊಸ ತಿಪ್ಪಸಂದ್ರದ ನಮ್ಮ ಬೀದಿಗೆ ಬರುವ ಗೂಡ್ಸ್ ಗಾಡಿಯವರು ಟಾಟಾ ಏಸ್ ಕೊಟ್ಟು ಬೊಲೆರೊ ಪಿಕಪ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಮನೆ ಬದಲಾಯಿಸುವವರು, ಹಾರ್ಡ್‌ವೇರ್ ಅಂಗಡಿಯವರು, ಮದುವೆಗೆ ಪಾತ್ರೆ-ಕುರ್ಚಿ ಬಾಡಿಗೆ ಕೊಡುವವರು ಎಲ್ಲರಿಗೂ ಬೇಕಾದವರು. "ಚಿಕ್ಕ ಗಾಡೀಲಿ ಇನ್ನು ಗಿಟ್ಟಲ್ಲ ಸಾರ್. ಎಕ್ಸ್‌ಚೇಂಜ್‌ಗೆ ಹಾಕಿ ದೊಡ್ಡದಕ್ಕೆ ಹೋಗ್ಬಿಡ್ಲಾ?" ಎಂದು ಕೇಳಿದರು. ಸಾಲ ಅವರದು, ಕಂತು ಅವರದು. ಆದರೂ ಅವರನ್ನು ಈ ಯೋಚನೆಗೆ ತಂದು ನಿಲ್ಲಿಸಿದ್ದರಲ್ಲಿ ನಮ್ಮೆಲ್ಲರ ಪಾಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ.

ಟಾಟಾ ಏಸ್ ಬಂದದ್ದು 2005ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಊರೊಳಗಿನ ಸಣ್ಣ ಸಾಗಣೆಯ ಬಹುಪಾಲು ಮೂರು ಚಕ್ರದ ಗಾಡಿಗಳದ್ದೇ ಆಗಿತ್ತು. ಟಾಟಾ ಕಂಪನಿಯ ಗಿರೀಶ್ ವಾಘ್ ಅವರ ತಂಡ ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನನ್ನು ಅರ್ಧಕ್ಕಿಳಿಸಿ, 702 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಕೂರಿಸಿತು. ಶಕ್ತಿ 16 ಅಶ್ವಶಕ್ತಿ, ಹೊರೆ ಮುಕ್ಕಾಲು ಟನ್. ಉತ್ತರದವರು ಪ್ರೀತಿಯಿಂದ 'ಛೋಟಾ ಹಾಥಿ' ಎಂದರು. ಉದ್ದ 3.8 ಮೀಟರ್, ಅಗಲ ಒಂದೂವರೆ ಮೀಟರ್. ತಿಪ್ಪಸಂದ್ರದ ಕ್ರಾಸುಗಳಿಗೆ ಹೇಳಿ ಮಾಡಿಸಿದ ಅಳತೆ. ಇಲ್ಲಿ ಮನೆಯ ಮೆಟ್ಟಿಲು ರಸ್ತೆಗೇ ಇಳಿಯುತ್ತದೆ, ಎರಡೂ ಬದಿ ಕಾರು-ಬೈಕು ನಿಂತಿರುತ್ತವೆ, ತಲೆಯ ಮೇಲೆ ಕೇಬಲ್ಲುಗಳು ಜೋತಾಡುತ್ತವೆ. ಅಂಥ ಕಡೆಯೂ ಏಸ್ ಹಿಂದಕ್ಕೆ ಮುಂದಕ್ಕೆ ಮಾಡಿ ಬಾಗಿಲ ಮುಂದೆಯೇ ಬಂದು ನಿಲ್ಲುತ್ತದೆ.

ಹಾಗಿದ್ದೂ ಯಾಕೆ ಗಿಟ್ಟುತ್ತಿಲ್ಲ? ಸಿಮೆಂಟ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ಒಂದು ಮೂಟೆ 50 ಕೆ.ಜಿ. ಹದಿನೈದು ಮೂಟೆ ಹಾಕಿದರೆ ಮುಕ್ಕಾಲು ಟನ್ ಮುಗಿಯಿತು. ಆದರೆ ಮೇಸ್ತ್ರಿ ಕೇಳುವುದು ಇಪ್ಪತ್ತೈದು. ಇಪ್ಪತ್ತು ದಾಟುವಾಗ ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಬೇಕು. ಕಮಾನಾಗಿರಬೇಕಾದ ಸ್ಪ್ರಿಂಗ್ ಪ್ಲೇಟುಗಳು ನೆಟ್ಟಗಾಗಿ, ಆಮೇಲೆ ಉಲ್ಟಾ ಬಾಗತೊಡಗುತ್ತವೆ. ಟೈರಿನ ಕೆಳಭಾಗ ನೆಲಕ್ಕೆ ಚಪ್ಪಟೆಯಾಗಿ ಅಂಟುತ್ತದೆ. ಮೂತಿ ಮೇಲೆದ್ದು ಸ್ಟೇರಿಂಗ್ ಹಗುರಾಗುತ್ತದೆ. ಹಗುರವೆಂದರೆ ಇಲ್ಲಿ ಒಳ್ಳೆಯದಲ್ಲ, ಮುಂದಿನ ಚಕ್ರ ರಸ್ತೆಯನ್ನು ಸರಿಯಾಗಿ ಹಿಡಿದಿಲ್ಲ ಎಂದರ್ಥ. "ಒಂದು ಪ್ಲೇಟ್ ಜಾಸ್ತಿ ಹಾಕ್ಸಿದೀನಿ, ತಡಿಯುತ್ತೆ" ಎನ್ನುತ್ತಾರೆ ಗಾಡಿಯವರು. ಪ್ಲೇಟ್ ತಡೆಯುತ್ತದೆ, ನಿಜ. ಬ್ರೇಕು, ಆಕ್ಸಲ್ಲು, ಟೈರು ಮಾತ್ರ ಕಂಪನಿ ಮುಕ್ಕಾಲು ಟನ್ನಿಗೆಂದು ಕೊಟ್ಟವೇ. ಸುರಂಜನ್ ದಾಸ್ ರಸ್ತೆಯಲ್ಲಿ ಮುಂದಿನ ಬೈಕು ದಿಢೀರನೆ ನಿಂತಾಗ ಬೇಕಾಗುವುದು ಅವು. ಇನ್ನು ದಂಡ. 2019ರ ತಿದ್ದುಪಡಿಯ ನಂತರ ಹೆಚ್ಚುವರಿ ಹೊರೆಗೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ತಲಾ 2,000. ಒಮ್ಮೆ ಸಿಕ್ಕಿಬಿದ್ದರೆ ಆ ತಿಂಗಳ ದುಡಿಮೆ ಹೋದಂತೆಯೇ.

ಇಷ್ಟೆಲ್ಲ ಗೊತ್ತಿದ್ದೂ ಅವರು ಯಾಕೆ ಹಾಕಿಸಿಕೊಳ್ಳುತ್ತಾರೆ? "ಒಂದೇ ಟ್ರಿಪ್‌ನಲ್ಲಿ ಆಗಿಬಿಡಲಿ" ಎಂದು ನಾವು ಹೇಳುವುದರಿಂದ. ತಿಂಗಳ ಮೊದಲ ಭಾನುವಾರ ಇಲ್ಲಿ ಯಾವ ಕ್ರಾಸಿನಲ್ಲಿ ನೋಡಿದರೂ ಮನೆ ಖಾಲಿ ಮಾಡುವವರು, ಹೊಸದಾಗಿ ಬರುವವರು. ಬಾಗ್ಮನೆ ಟೆಕ್ ಪಾರ್ಕಿಗೆ ಹೋಗುವ ಹುಡುಗರು, ಎಚ್‌ಎಎಲ್‌ನಲ್ಲಿ ಕೆಲಸ ಮಾಡುವವರು, ನನ್ನಂಥ ಹಳೆ ಬಾಡಿಗೆದಾರರು. ಫೋನಿನಲ್ಲಿ ನಾವು ಹೇಳುವುದು, "ಸಾಮಾನೇನೂ ಜಾಸ್ತಿ ಇಲ್ಲಣ್ಣ, ಒಂದು ಮಂಚ, ಒಂದು ಬೀರು." ಗಾಡಿ ಬಂದ ಮೇಲೆ ಎರಡನೇ ಬೀರು ಹೊರಬರುತ್ತದೆ, ವಾಷಿಂಗ್ ಮೆಷಿನ್ ಬರುತ್ತದೆ, ಅಕ್ಕಿ ಡ್ರಮ್ಮು, ಗ್ರೈಂಡರ್, ಮಣ್ಣು ತುಂಬಿದ ಹೂಕುಂಡಗಳ ಸಾಲು. ಆ್ಯಪಿನಲ್ಲಿ ಬುಕ್ ಮಾಡಿದರೂ ಇದೇ ಕಥೆ, ಅತಿ ಕಡಿಮೆ ಬಾಡಿಗೆ ತೋರಿಸುವ ಗಾಡಿಯನ್ನೇ ಒತ್ತುತ್ತೇವೆ. ಎರಡನೇ ಟ್ರಿಪ್ಪಿಗೆ ದುಡ್ಡು ಕೇಳಿದರೆ ಮುಖ ಗಂಟಿಕ್ಕುತ್ತೇವೆ. ನಾವು ಉಳಿಸಿದ ಆ ಬಾಡಿಗೆಯನ್ನು ಅವರ ಟೈರು, ಕ್ಲಚ್ಚು, ಸ್ಪ್ರಿಂಗು ಕಟ್ಟುತ್ತವೆ. ವರ್ಷಗಟ್ಟಲೆ ಕಟ್ಟಿ ಸಾಕಾದ ಮೇಲೆ ಹುಟ್ಟುವ ಪ್ರಶ್ನೆಯೇ "ದೊಡ್ಡದಕ್ಕೆ ಹೋಗ್ಬಿಡ್ಲಾ?"

ದೊಡ್ಡದರ ಆಸೆಯೂ ಸುಮ್ಮನೆ ಹುಟ್ಟಿದ್ದಲ್ಲ. ಬೊಲೆರೊ ಪಿಕಪ್ಪಿನದು ನಾಲ್ಕು ಸಿಲಿಂಡರಿನ ಎರಡೂವರೆ ಲೀಟರ್ ಎಂಜಿನ್, 1.7 ಟನ್ ಹೊರುವ ಮಾದರಿಯೂ ಇದೆ. ಲೆಕ್ಕದ ಪ್ರಕಾರವೇ 34 ಮೂಟೆ ಸಿಮೆಂಟ್. ನಡುವಿನ ದಾರಿ ಬೇಕೆಂದರೆ ಪಕ್ಕದ ಹೊಸೂರಿನಲ್ಲಿ ತಯಾರಾಗಿ 2011ರಲ್ಲಿ ಮಾರುಕಟ್ಟೆಗೆ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಇದೆ, ಹೊರೆ ಒಂದೂಕಾಲು ಟನ್. ಲೈಸೆನ್ಸಿನ ಚಿಂತೆಯೂ ಇಲ್ಲ. 7,500 ಕೆ.ಜಿ.ಯೊಳಗಿನ ಸರಕು ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂಬುದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ. ಪರ್ಮಿಟ್ಟಿನ ಕಡೆ ಮಾತ್ರ ಗಮನ ಬೇಕು. ಗಾಡಿಯ ತೂಕವೂ ಹೊರೆಯೂ ಸೇರಿ 3,000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಡ, 1.7 ಟನ್ನಿನ ಬೊಲೆರೊ ಆ ಗೆರೆ ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಕೊಳ್ಳುವವರಿಗೆ ಅನುಕೂಲ. ಆದರೆ ಹೊಸದರ ಬೆಲೆ ಇಳಿದರೆ ಹಳೆಯದಕ್ಕೆ ಕೊಡುವ ಬೆಲೆಯೂ ಇಳಿಯುತ್ತದೆ. ಎಕ್ಸ್‌ಚೇಂಜ್ ಮಾಡುವವರಿಗೆ ಆ ಲಾಭ ಪೂರ್ತಿ ದಕ್ಕುವುದಿಲ್ಲ. ಇವರ ಏಸ್‌ಗೆ ಎಂಟು ವರ್ಷ ತುಂಬುತ್ತಿದೆ. ಇನ್ನು ಎರಡು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಹಳೆ ಗಾಡಿ ಕೊಟ್ಟುಬಿಡೋಣ ಎಂದು ಬಹಳ ಜನರಿಗೆ ಅನ್ನಿಸುವುದು ಈ ಹೊತ್ತಿನಲ್ಲೇ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲೂ ಮಧ್ಯಮ ಗಾತ್ರದ ಪಿಕಪ್ ಕೊಟ್ಟು ದೊಡ್ಡದು ತರಬೇಕೇ ಎಂಬ ಚರ್ಚೆ ನಡೆಯುತ್ತದೆ. 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಫೋರ್ಡ್ ಎಫ್ ಸರಣಿಯದು. ನೋಡಲು ಬೊಲೆರೊದ ಅಣ್ಣನಂತಿರುವ ಎಫ್-150ರ ಹೆಚ್ಚಿನ ಮಾದರಿಗಳು ಹೊರುವುದು ಒಂದು ಟನ್ನಿನೊಳಗೆ. ನಮ್ಮ ಬೊಲೆರೊ ಅದಕ್ಕಿಂತ ಹೆಚ್ಚು ಹೊರುತ್ತದೆ. ಅಲ್ಲಿ ಮನೆಮಂದಿ ಆರಾಮಾಗಿ ಕೂರಬೇಕು, ಗ್ಯಾರೇಜಿನಲ್ಲಿ ಹಿಡಿಸಬೇಕು ಎಂಬ ಮಾತು ಮೊದಲು ಬರುತ್ತದೆ. ಇಲ್ಲಿ ಗಾಡಿಯೇ ಮನೆಯ ಒಲೆ ಉರಿಸಬೇಕು.

ಅದಕ್ಕೇ ನಾನು ನಮ್ಮ ಗಾಡಿಯವರ ಹತ್ತಿರ ತೂಕದ ಮಾತು ಬಿಟ್ಟು ವಾಪಸು ಬರುವ ಮಾತು ತೆಗೆದೆ. ಏಸ್‌ಗೆ ಬಾಡಿಗೆ ಬೀದಿಯಲ್ಲೇ ಹುಟ್ಟುತ್ತದೆ. ಒಂದು ಫ್ರಿಜ್, ನಾಲ್ಕು ತಗಡು, ಗಣೇಶನ ಹಬ್ಬಕ್ಕೆ ಶಾಮಿಯಾನದ ಕಂಬ. ಮಲ್ಲೇಶಪಾಳ್ಯಕ್ಕೆ ಹೋಗಿ ಬಂದರೂ ಏನೋ ಕೈಗೆ ಬರುತ್ತದೆ. ಐದು ಮೀಟರ್ ಆಸುಪಾಸಿನ ಬೊಲೆರೊಗೆ ಆ ಬಾಡಿಗೆ ಹೊಟ್ಟೆ ತುಂಬಿಸುವುದಿಲ್ಲ, ಫ್ರಿಜ್ ಸಾಗಿಸುವವರು ಅಷ್ಟು ಕೊಡುವುದೂ ಇಲ್ಲ. ಅದಕ್ಕೆ ಹೊಸಕೋಟೆ, ನರಸಾಪುರ, ಕೋಲಾರದ ಲೋಡ್ ಬೇಕು. ಹೋಗುವಾಗ ಲೋಡ್ ಸಿಕ್ಕೀತು. ಬರುವಾಗ ಖಾಲಿ ಬಂದರೆ, ಟಿನ್ ಫ್ಯಾಕ್ಟರಿ ಹತ್ತಿರ ಗಂಟೆಗಟ್ಟಲೆ ನಿಂತು ಸುಡುವ ಡೀಸೆಲ್ಲಿಗೆ ಯಾರೂ ದುಡ್ಡು ಕೊಡುವುದಿಲ್ಲ. ಕ್ರಾಸಿನೊಳಕ್ಕೆ ನುಗ್ಗಲಾಗದೆ ಮೇನ್ ರೋಡಿನಲ್ಲೇ ನಿಲ್ಲಿಸಿ ಬೀರು ಹೊರಿಸಿದರೆ ಕೂಲಿಯವರು ಹೆಚ್ಚು ಕೇಳುತ್ತಾರೆ, ಹಿಂದಿನಿಂದ ಹಾರ್ನ್ ಬೇರೆ. "ಜಾಸ್ತಿ ಲೋಡ್ ಬಂದ ದಿನ ನೋಡಿ ಗಾಡಿ ತಗೋಬೇಡಿ, ಖಾಲಿ ಬಂದ ದಿನ ಎಣಿಸಿ ನೋಡಿ" ಎಂದೆ. ಬರಲಿರುವ ಲೋಡ್ ಖಾತ್ರಿಯಿದ್ದರೆ ದೊಡ್ಡ ಗಾಡಿಯೇ ಕ್ಷೇಮ. ಅದರ ಬ್ರೇಕು ಆ ತೂಕಕ್ಕೇ ಮಾಡಿದ್ದು.

ಅವರು ಆ ಖಾತ್ರಿಯನ್ನೇ ಹುಡುಕಿಕೊಂಡು ಹೊರಟರು. ತಾವು ಮಾಮೂಲಾಗಿ ಲೋಡ್ ಹೊಡೆಯುವ ಅಂಗಡಿಗಳಿಗೆ ಹೋಗಿ, ದೊಡ್ಡ ಗಾಡಿ ತಂದರೆ ತಿಂಗಳಿಗೆ ಇಷ್ಟು ಬಾಡಿಗೆ ಖಂಡಿತ ಕೊಡುತ್ತೀರಾ ಎಂದು ಕೇಳಿದರು. "ಮೊದಲು ಗಾಡಿ ತಗೊಳ್ಳಪ್ಪ, ಆಮೇಲೆ ನೋಡೋಣ" ಎಂದೇ ಎಲ್ಲರೂ ಹೇಳಿದ್ದು. ಕಂತು ಮಾತ್ರ ಆಮೇಲೆ ನೋಡೋಣ ಎನ್ನುವುದಿಲ್ಲ. ಟೈಲ್ಸ್ ಅಂಗಡಿಯೊಂದರವರು ಹೊಸಕೋಟೆಯ ಗೋಡೌನಿನಿಂದ ವಾಪಸು ಲೋಡ್ ಕೊಡುವ ಮಾತಾಡಿದ್ದಾರೆ. ಅದು ಗಟ್ಟಿಯಾಗುವವರೆಗೆ ಏಸ್ ಇರಲಿ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಅವರು ಇನ್ನೊಂದು ಕೆಲಸ ಶುರು ಮಾಡಿದ್ದಾರೆ, ಹದಿನಾರನೇ ಮೂಟೆಗೆ ಎರಡನೇ ಟ್ರಿಪ್ಪಿನ ಬಾಡಿಗೆ ಕೇಳುತ್ತಾರೆ. ಮೊನ್ನೆ ಒಬ್ಬ ಮೇಸ್ತ್ರಿ ರೇಗಿಕೊಂಡು ಬೇರೆ ಗಾಡಿ ಕರೆಸಿದ. ಮಾರನೇ ದಿನ ಇನ್ನೊಬ್ಬ ಗೊಣಗುತ್ತಲೇ ಎರಡು ಟ್ರಿಪ್ಪಿನ ದುಡ್ಡೂ ಎಣಿಸಿಕೊಟ್ಟ.