ಮದರ್‌ಬೋರ್ಡ್ ಬದಲಾದ ಮೇಲೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ತಾವೇ ಕಂಪ್ಯೂಟರ್ ಜೋಡಿಸುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ರ‍್ಯಾಮ್ ಹೆಚ್ಚಿಸಿ, ಕ್ಯಾಬಿನೆಟ್ಟನ್ನೇ ಬದಲಿಸಿ, ವಿಂಡೋಸ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಮದರ್‌ಬೋರ್ಡ್ ಬದಲಿಸಿದರೆ ಮಾತ್ರ ಇದು ಬೇರೆ ಯಂತ್ರ ಎಂದು ಲೈಸೆನ್ಸ್ ಕೇಳುತ್ತದೆ.

ಪ್ರಶ್ನೆ ಹಳೆಯದೇ. ಮಿಲಿಂದ ಪ್ರಶ್ನದಲ್ಲಿ ನಾಗಸೇನ ಭಿಕ್ಷು ರಾಜನ ರಥವನ್ನು ಮಾತಿನಲ್ಲೇ ಬಿಚ್ಚುತ್ತಾನೆ. ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗವೂ ಅಲ್ಲ. ರಥ ಎಂಬುದು ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು. ನಾಗಸೇನನಿಗೆ ಸಿಗದಿದ್ದ ಆ ಒಂದು ಭಾಗ ಲೈಸೆನ್ಸ್ ಬರೆಯುವ ವಕೀಲರಿಗೆ ಸಿಕ್ಕಿಬಿಟ್ಟಿದೆ!

ಯಂತ್ರದ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಯಂತ್ರದೊಂದಿಗೇ ಮುಗಿಯುತ್ತದೆ. ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸನ್ನು ಹೊಸ ಯಂತ್ರಕ್ಕೆ ಒಯ್ಯಬಹುದು, ಹಳೆಯದರಿಂದ ತೆಗೆದುಹಾಕಬೇಕೆಂಬ ಷರತ್ತಿನ ಮೇಲೆ. ಒಳಗಿನ ತಂತ್ರಾಂಶ ಒಂದೇ. ಹಾಗಾದರೆ ದುಡ್ಡು ಕೊಟ್ಟು ನಾವು ಕೊಂಡದ್ದೇನು? 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಆಟೋಡೆಸ್ಕ್ ಮೊಕದ್ದಮೆಯಲ್ಲಿ, ಗ್ರಾಹಕ ಪ್ರತಿಯ ಒಡೆಯನಲ್ಲ, ಬಳಸಲು ಅನುಮತಿ ಪಡೆದವನಷ್ಟೇ ಎಂದಿತು. ಎರಡು ವರ್ಷದ ಬಳಿಕ ಐರೋಪ್ಯ ಒಕ್ಕೂಟದ ನ್ಯಾಯಾಲಯ ಆರಕಲ್ ಮೊಕದ್ದಮೆಯಲ್ಲಿ ಬೇರೆ ದಾರಿ ಹಿಡಿಯಿತು: ಕಾಲಮಿತಿಯಿಲ್ಲದ ಲೈಸೆನ್ಸಿನೊಡನೆ ಕೊಂಡ ಪ್ರತಿಯನ್ನು ಮರುಮಾರಾಟ ಮಾಡಬಹುದು, ಆದರೆ ಮಾರಿದವನು ತನ್ನಲ್ಲಿ ಉಳಿದದ್ದನ್ನು ಬಳಸಲಾಗದಂತೆ ಮಾಡಬೇಕು.

ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತು. ಪುಸ್ತಕವನ್ನು ಗೆಳೆಯನಿಗೆ ಕೊಟ್ಟರೆ ಅದು ಮನೆಬಿಟ್ಟು ಹೋಗುತ್ತದೆ. ತ್ಯಾಗ ತಾನಾಗಿ ಆಗುತ್ತದೆ. ತಂತ್ರಾಂಶ ಹಾಗಲ್ಲ. 25 ಅಕ್ಷರಗಳ ಕೀ ಹೊಸ ಯಂತ್ರಕ್ಕೆ ಹೋದ ಮೇಲೂ ಹಳೆಯದು, ಕೆಲಕಾಲವಾದರೂ, ಏನೂ ಆಗದಂತೆ ಓಡುತ್ತಿರುತ್ತದೆ. ಅದನ್ನು ತಂಗಿಗೆ ಕೊಟ್ಟರೆ ಕೇಳುವವರು ಯಾರು? ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪಕ್ಕೇನು ನಷ್ಟ ಎಂದು ವಾದಿಸಬಹುದು. ಚೆಂದದ ವಾದವೇ. ಆದರೆ ಒಯ್ಯುವ ಹಕ್ಕು ಕೇಳುವಾಗ ನಾವು ಹೇಳಿದ್ದು 'ಇದು ನನ್ನ ವಸ್ತು' ಎಂದು. ವಸ್ತುವೆಂದ ಮೇಲೆ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಇರಬಾರದು. ಒಡೆತನಕ್ಕೆ ಪುಸ್ತಕದ ನ್ಯಾಯ, ಬಳಕೆಗೆ ದೀಪದ ನ್ಯಾಯ ಎಂದು ಎರಡನ್ನೂ ಹಿಡಿಯಲಾಗದು.

ಇದೇ ತರ್ಕ ಕಂಪನಿಯ ಕಡೆಗೂ ತಿರುಗುತ್ತದೆ. ಹಳೆಯ ಯಂತ್ರ ಸತ್ತು, ಅದರ ಒಇಎಂ ಲೈಸೆನ್ಸನ್ನು ಒಬ್ಬ ಹೊಸದರಲ್ಲಿ ಬಳಸಿದರೆ, ಬಳಕೆಯಲ್ಲಿರುವುದು ಒಂದೇ ಪ್ರತಿ. ಅದು ಕರಾರಿಗೆ ವಿರುದ್ಧ, ನ್ಯಾಯಕ್ಕಲ್ಲ ಎಂದು ನನ್ನ ಎಣಿಕೆ. ಕಡಿಮೆ ಬೆಲೆಗೆ ಒಪ್ಪಿ ಕೊಂಡಿದ್ದಾನಲ್ಲ ಎಂಬ ಆಕ್ಷೇಪ ಬಲವಾದದ್ದೇ. ಲ್ಯಾಪ್‌ಟಾಪ್ ಅಂಗಡಿಯಲ್ಲಿ ಆ ಒಪ್ಪಿಗೆಯನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಿದ್ದರೆ ಇನ್ನಷ್ಟು ಬಲವಾಗುತ್ತಿತ್ತು.

ತಂಗಿಯ ಯಂತ್ರ ಖಾಲಿ ಇರಬೇಕಿಲ್ಲ. ಉಬುಂಟು ಹಾಕಿ ಕೊಡಬಹುದು. ಅದು ಮದರ್‌ಬೋರ್ಡ್ ಯಾವುದೆಂದು ನೋಡಿ ಲೈಸೆನ್ಸ್ ಕೇಳುವುದಿಲ್ಲ.